ಅತ್ತೆ ಅರ್ಧ ಮಾಡಿದ ಚಹಾ

ನನ್ನ ಅತ್ತೆಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ತುದಿ ಯಾವಾಗಲೂ ಕಂದುಬಣ್ಣಕ್ಕೆ ತಿರುಗಿರುತ್ತಿತ್ತು. ಇಳಕಲ್ಲಿನಲ್ಲಿ ಅಂಥ ಬೆರಳು ಕಂಡರೆ ನೂಲಿಗೆ ಬಣ್ಣ ಹಾಕುವವರಿರಬೇಕು ಎಂದುಕೊಳ್ಳುತ್ತಾರೆ. ಅತ್ತೆಯದು ಚಹಾದ ಬಣ್ಣ. ಮನೆಯಲ್ಲಿ ಸ್ಟೀಲಿನ ಜರಡಿ ಇದ್ದರೂ ಅವರು ಚಹಾ ಸೋಸುತ್ತಿದ್ದದ್ದು ಬಟ್ಟೆಯಲ್ಲಿ. ಮಗ್ಗದಿಂದ ಸೀರೆ ಇಳಿಸಿದಾಗ ಉಳಿಯುವ ತುಂಡೊಂದನ್ನು ಅದಕ್ಕೇ ಎತ್ತಿಡುತ್ತಿದ್ದರು. ಕುದಿಯುವ ಚಹಾವನ್ನು ಅದರಲ್ಲಿ ಸುರಿದು, ಹಬೆಯಾಡುವ ಬಟ್ಟೆಯನ್ನು ಎರಡೇ ಬೆರಳಲ್ಲಿ ಹಿಂಡುತ್ತಿದ್ದರು. "ಸುಡಂಗಿಲ್ಲೇನ್ರಿ ಅತ್ತಿ?" ಎಂದರೆ, "ಸುಡ್ತೈತಿ. ಆದ್ರ ಚಾದ ಜೀವಾ ಕಡೀ ಹನಿಯಾಗ ಇರ್ತೈತಿ, ಬಿಡಾಕ ಬರತೈತೇನು?" ಎನ್ನುತ್ತಿದ್ದರು.

ಎಲ್ಲವೂ ಸರಿಯಿದ್ದ ಕೊನೆಯ ದಿನದ ಮುಂಜಾನೆಯೂ ಹಾಗೆಯೇ ಹಿಂಡುತ್ತ ಕುಳಿತಿದ್ದರು. ನನಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ನನ್ನ ಬಟ್ಟಲಿನ ಚಹಾ ಬೆಳ್ಳಗಿತ್ತು. ಚಹಾಪುಡಿಯನ್ನು ಚಿಟಿಕೆಯಷ್ಟೇ ಹಾಕಿ ಹಾಲು ಹೆಚ್ಚು ಮಾಡಿದ್ದರು.

"ತಗೋ. ಹಾಲಿನ ಮ್ಯಾಲ ಚಾದ ನೆಳ್ಳು ಬಿದ್ದೈತಿ ಅಷ್ಟ."

ನಾನು ಎರಡು ಗುಟುಕು ಕುಡಿಯುವಷ್ಟರಲ್ಲಿ ಕೂಸು ಹೊಟ್ಟೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿತು. ಅತ್ತೆ ಕೈಯಿಟ್ಟು ನೋಡಿ, ಒಳಗೆ ಮಗ್ಗದ ಮುಂದೆ ಕುಳಿತಿದ್ದ ನನ್ನ ಗಂಡನಿಗೆ ಕೂಗಿ ಹೇಳಿದರು: "ಏ, ನಿನ್ನಕಿಂತ ಚುರುಕು ಐತಿ ನೋಡೋ! ಲಾಳಿ ಒಗ್ಯಾಕತ್ತೈತಿ." ಮಧ್ಯಾಹ್ನ ನಾನು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತಿದೆ. ಬಗಲಿನ ಮನೆಯ ಪವರ್‌ಲೂಮಿನ ಸದ್ದಿಗೆ ನಿದ್ದೆ ಬರಲಿಲ್ಲವೆಂದು ಗೊಣಗಿದೆ. ಸಂಜೆ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಆ ದಿನದಲ್ಲಿ ಬೇರೇನೂ ಇರಲಿಲ್ಲ.

ನನ್ನ ತವರು ಬಾದಾಮಿಯ ಕಡೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿ. ನಾವೂ ನೇಕಾರರೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲಕ್ಕಿಳಿದಿದ್ದೆವು. ಅವ್ವ ನಾನು ಸಾಲೆಗೆ ಹೋಗುವಾಗಲೇ ತೀರಿಕೊಂಡಳು. ಪಿಯುಸಿ ಮುಗಿಸಿ ಈ ಮನೆಗೆ ಬಂದಾಗ ನನಗೆ ಕಂಡಿಕೆ ಸುತ್ತಲೂ ಬರುತ್ತಿರಲಿಲ್ಲ, ಚಹಾ ಕುಡಿಯಲೂ ಬರುತ್ತಿರಲಿಲ್ಲ. ತವರಿನಲ್ಲಿ ಚಹಾ ಗಂಡಸರ ಪಾಲು. ಎರಡನ್ನೂ ಕಲಿಸಿದವರು ಅತ್ತೆ. ನೂಲು ಹರಿದು ನಾನು ಅಳುವ ಹಾಗಾದಾಗ ಬಯ್ಯುತ್ತಿರಲಿಲ್ಲ, ಚಹಾ ಕೊಡುತ್ತಿದ್ದರು. "ಕುಡಿ. ನೂಲೇನು ಓಡಿ ಹೋಗಂಗಿಲ್ಲ, ಚಾ ಆರಿ ಹೋಗತೈತಿ." ಬಶಿಯಲ್ಲಿ ಸುರಿದು, ಸಪ್ಪಳ ಮಾಡಿ ಕುಡಿಯಬೇಕು. ಸಪ್ಪಳವಿಲ್ಲದೆ ಕುಡಿಯುವವರನ್ನು ಅವರು ನಂಬುತ್ತಿರಲಿಲ್ಲ.

ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಮಗ್ಗದ ಮೇಲೆಯೇ ಬೆಳೆಸಿದವರು. ಹೊಟ್ಟೆಗೆ ಹಿಟ್ಟಿಲ್ಲದ ದಿನಗಳಲ್ಲಿ ಚಹಾ ಕುಡಿದು ನೇಯ್ದಿದ್ದೆ ಎನ್ನುತ್ತಿದ್ದರು. ಅದನ್ನೂ ದುಃಖದಿಂದ ಹೇಳುತ್ತಿರಲಿಲ್ಲ, ಚಹಾದ ಗುಣಗಾನವೆಂಬಂತೆ ಹೇಳುತ್ತಿದ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ಬಸುರಿಗೆ ಸೀಮಂತದ ಕುಬಸ ಮಾಡಿದರೂ ಬಂದವರಿಗೆಲ್ಲ ಚಹಾ ಕುದಿಸುವುದು ಅವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ. ಅವರೇ ಹೋಗಿ ಒಲೆಯ ಮುಂದೆ ಕೂಡುತ್ತಿದ್ದರು.

ಅವರಲ್ಲಿ ಇನ್ನೊಂದು ಗುಣವಿತ್ತು. ಮತ್ತೊಬ್ಬರ ಮನೆಯ ಕೆಟ್ಟ ಸುದ್ದಿ ಬಾಯಿಗೆ ಬರುತ್ತಿರಲಿಲ್ಲ. ನೀರಿನ ನಳದ ಹತ್ತಿರ ಯಾರಾದರೂ, "ಆ ಹುಡುಗಿ ಗಂಡನ ಮನಿ ಬಿಟ್ಟು ಯಾಕ ಬಂತ್ರಿ?" ಎಂದು ಕೆದಕಿದರೆ ಕೊಡ ಎತ್ತಿಕೊಂಡು, "ಹೇಳಾಕ ಬರಂಗಿಲ್ಲವ್ವ" ಎಂದು ಬಂದುಬಿಡುತ್ತಿದ್ದರು. ಗೊತ್ತಿಲ್ಲ ಎಂದು ಅದರ ಅರ್ಥವಲ್ಲ. ಎಲ್ಲ ಗೊತ್ತಿದೆ, ಆದರೆ ಬಾಯಿಬಿಟ್ಟು ಆಡುವಂಥದ್ದಲ್ಲ ಎಂದರ್ಥ. ನಮ್ಮ ಕಡೆ ಮರ್ಯಾದಸ್ಥರೆಲ್ಲ ಹಾಗೇ ಅನ್ನುವುದು.

ಬಸುರಾದಾಗ ಅಂಗನವಾಡಿಗೆ ಬಂದಿದ್ದ ನರ್ಸಬಾಯಿ ನನ್ನನ್ನು ಕೇಳಿದರು: "ದಿನಕ್ಕ ಎಷ್ಟ ಸಲ ಚಾ ಕುಡೀತಿ?"

"ಎಣಿಸಿಲ್ರಿ."

"ಎಣಸಾಕ ಆಗದಷ್ಟು ಅಂದಂಗಾತು." ಅವರು ನಕ್ಕರು. ಆಮೇಲೆ ನಗದೆ ಹೇಳಿದರು. ಚಹಾದಲ್ಲಿ ಕೆಫೀನು ಎಂಬುದಿರುತ್ತದೆ. ತಾಯಿ ಕುಡಿದದ್ದು ಕೂಸಿಗೂ ಮುಟ್ಟುತ್ತದೆ. ನಮ್ಮ ಮೈ ಅದನ್ನು ಹೊರಗೆ ಹಾಕಿದ ಹಾಗೆ ಕೂಸಿನ ಮೈ ಹಾಕಲಾರದು. ಅತಿಯಾದರೆ ಕೂಸಿನ ತೂಕ ಕಡಿಮೆಯಾಗಬಹುದು. ಪೂರ್ತಿ ಬಿಡಬೇಕೆಂದಿಲ್ಲ, ಒಂದೆರಡು ಸಣ್ಣ ಬಟ್ಟಲಿಗೆ ಇಳಿಸಬೇಕು. ಊಟದ ಬೆನ್ನಿಗೇ ಕುಡಿಯಬಾರದು, ಕಬ್ಬಿಣದ ಗುಳಿಗೆ ಮೈಗೆ ಹತ್ತುವುದಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಅತ್ತೆ ಗಾಬರಿಯಾಗಿ, "ನಮ್ಮನ್ಯಾಗ ಕಾಫಿ ಪುಡಿನ ಬಂದಿಲ್ರಿ ಬಾಯಾರ. ಆಣಿ ಮಾಡಿ ಹೇಳ್ತೇನಿ" ಎಂದರು.

"ಕಾಫಿ ಅಲ್ರಿ ಅಮ್ಮಾರ, ಕೆಫೀನು. ಚಾದಾಗೂ ಇರ್ತೈತಿ."

"ಇಷ್ಟ ವರ್ಷ ಕುಡಿದೇನಿ, ನನಗೊಂದೂ ಸಿಕ್ಕಿಲ್ಲಲ್ರಿ ಅದು!"

ಅಂಗನವಾಡಿಯ ತುಂಬ ನಗೆ. ಆದರೆ ಅತ್ತೆಗೆ ಇಬ್ಬಂದಿಯಾಗಿತ್ತು. ಬಸುರಿ ಬಯಸಿದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಂಬಿದವರು. ನನ್ನ ಬಯಕೆಯೋ, ಹುಣಸೆಕಾಯಿಯೂ ಅಲ್ಲ ಮಾವಿನಕಾಯಿಯೂ ಅಲ್ಲ, ಅವರ ಕೈಯ ಚಹಾ.

ಮರುದಿನದಿಂದ ನನ್ನ ದೊಡ್ಡ ಚಹಾದ ಕಪ್ ಗೋಡೆಯ ಗೂಡಿಗೆ ಹೋಯಿತು. ಸಣ್ಣ ಸ್ಟೀಲಿನ ಬಟ್ಟಲು ಬಂತು. ಅದರಲ್ಲೂ ಅರ್ಧ. "ಬಾಯಿ ಹೇಳಿದಂಗ ಅರ್ಧಾ ಮಾಡೇನಿ" ಎಂದು ಬಂದವರಿಗೆಲ್ಲ ಹೇಳಿದರು. ಆ ಅರ್ಧ ಬಟ್ಟಲು ಎಷ್ಟು ರುಚಿಯಾಗಿತ್ತೆಂದರೆ, ಸ್ವಲ್ಪವೇ ಸಿಗುವುದರಿಂದ ಹಾಗನಿಸುತ್ತದೆ ಎಂದುಕೊಂಡಿದ್ದೆ.

ಪಂಚಮಿ ಹಬ್ಬಕ್ಕೆ ನನ್ನ ಗಂಡನ ಅಕ್ಕ ಹುನಗುಂದದಿಂದ ತವರಿಗೆ ಬಂದಿದ್ದಳು. ಮಾತಿನಲ್ಲಿ ಚುರುಕು. ಆಗಲೇ ನರ್ಸಬಾಯಿಯೂ ನನ್ನನ್ನು ನೋಡಲು ಮನೆಗೆ ಬಂದರು. ಅತ್ತೆ ಹಿಗ್ಗಿನಿಂದ, "ನಿಮ್ಮ ಲೆಕ್ಕದ್ದ ಚಾ ಕುಡೀರಿ" ಎಂದು ಅದೇ ಬಟ್ಟಲಿನಲ್ಲಿ ಕೊಟ್ಟರು. ಒಂದು ಗುಟುಕಿಗೆ ನರ್ಸಬಾಯಿಯ ಮುಖ ಕಿವುಚಿತು.

"ಏನ್ರಿ ಅಮ್ಮಾರ ಇದು? ಚಾನೋ, ಸೀರಿಗೆ ಹಾಕೂ ಬಣ್ಣಾನೋ?"

"ಅರ್ಧಾ ಐತಲ್ರಿ."

"ಪುಡಿ ಎಷ್ಟ ಹಾಕಿದ್ರಿ?"

"ಪುಡಿ ಮೊದಲಿನಷ್ಟ. ನೀರು ಅರ್ಧಾ. ಬಸುರಿ ಬಾಯಿ ಸಪ್ಪಗಾಗಬಾರದಲ್ರಿ."

ನರ್ಸಬಾಯಿ ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ನಾದಿನಿ ಪಂಚಮಿಯ ಜೋಕಾಲಿ ಬಿಟ್ಟು ಓಡಿಬಂದು ನಕ್ಕಳು. ನಾನೂ ನಕ್ಕೆ. ನೀರು ಇಳಿಸಿದರೆ ಆಗಲಿಲ್ಲ, ಪುಡಿ ಇಳಿಸಬೇಕು ಎಂದು ನರ್ಸಬಾಯಿ ಬಿಡಿಸಿ ಹೇಳಿದರು. "ಈಗ ತಿಳೀತಲ್ಲ, ಚಿಂತಿ ಬ್ಯಾಡ" ಎಂದೂ ಹೇಳಿದರು. ನನಗೆ ಆಗ ಐದು ತಿಂಗಳು. ಅಂದೇ ಅತ್ತೆ ಪುಡಿಯ ಡಬ್ಬಿಯಿಂದ ಚಮಚ ತೆಗೆದುಹಾಕಿದರು. ಅಲ್ಲಿಂದ ಮುಂದೆ ಚಿಟಿಕೆಯಲ್ಲಿ ಹಾಕಿದರು. ತಾವೂ ಅದನ್ನೇ ಕುಡಿದರು. ಕಡಕ್ ಚಹಾದ ವಾಸನೆ ನನ್ನ ಮೂಗಿಗೆ ಬಡಿದು ಆಸೆಯಾದೀತೆಂದು, ಮಗನಿಗೆ ಬೇಕಾದಾಗ ಓಣಿಯ ಕೊನೆಯ ಅಂಗಡಿಗೆ ಅಟ್ಟಿದರು. ಜೀವಮಾನದ ಚಟವನ್ನು ಹಾಗೆ ಬಿಟ್ಟ ಮನುಷ್ಯರನ್ನು ನಾನು ಬೇರೆ ನೋಡಿಲ್ಲ. ಮೊದಮೊದಲು ತಲೆನೋವಿನಿಂದ ಹಣೆಗೆ ಬಟ್ಟೆ ಬಿಗಿದುಕೊಂಡು ಕಂಡಿಕೆ ಸುತ್ತುತ್ತಿದ್ದರು. ಕೇಳಿದರೆ, "ಬಿಸಲು" ಎನ್ನುತ್ತಿದ್ದರು. ಮಳೆಗಾಲದಲ್ಲಿ.

ಆ ಕೊನೆಯ ಒಳ್ಳೆಯ ದಿನದ ಮರುದಿನ ಕೂಸು ಅಲುಗಲಿಲ್ಲ. ಇಲ್ಲಿಯ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿದವರು ಚೀಟಿ ಬರೆದು ಬಾಗಲಕೋಟೆಗೆ ಕಳಿಸಿದರು. ನವನಗರದ ದವಾಖಾನೆಯೊಂದರಲ್ಲಿ ಹೆತ್ತೆ. ಹೆಣ್ಣು. ತಲೆತುಂಬ ಕೂದಲಿತ್ತು ಎಂದು ಅತ್ತೆ ಹೇಳಿದರು. ನಾನು ನೋಡಲಿಲ್ಲ. ನೋಡಿದವರು ಅವರು.

ಮನೆಗೆ ಬಂದ ಮೇಲೆ ಎದೆಗೆ ಹಾಲು ಬಂತು. ಕೂಸಿಲ್ಲವೆಂದು ಹಾಲಿಗೆ ಯಾರು ಹೇಳಬೇಕು? ಅತ್ತೆ ಹಳೆಯ ಮೆತ್ತನೆಯ ಸೀರೆ ಹರಿದು ನನ್ನ ಎದೆಗೆ ಬಿಗಿದು ಕಟ್ಟಿದರು. ಗಂಟು ಹಾಕುವಾಗ ಮುಖ ಆಚೆ ತಿರುಗಿಸಿದ್ದರು. ಕೂಸಿಲ್ಲದ ಬಾಣಂತಿಗೆ ಎಲ್ಲ ಬಾಣಂತನವನ್ನೂ ಮಾಡಿದರು. ಎಣ್ಣೆ ಹಚ್ಚಿದರು, ನೀರು ಹಾಕಿದರು, ಶುಂಠಿ ಅರೆದು ಕೊಟ್ಟರು. ಒಂದನ್ನೂ ಬಿಡಲಿಲ್ಲ.

ಮಾತಾಡಿಸಲು ಓಣಿಯ ಹೆಂಗಸರು ಬಂದು ಕುಳಿತಿದ್ದರು. ಹುನಗುಂದದಿಂದ ನಾದಿನಿ ಬಂದಳು. ನನ್ನನ್ನು ತಬ್ಬಿಕೊಂಡು ಅತ್ತಳು. ಆ ಅಳುವಿನ ನಡುವೆಯೇ ತನ್ನ ತಾಯಿಯ ಕಡೆ ತಿರುಗಿದಳು.

"ಬಣ್ಣದಂಥಾ ಚಾ ಕುದಿಸಿ ಕುದಿಸಿ ಕುಡಿಸಿದ್ರ ಕೂಸು ಹ್ಯಾಂಗ ಉಳಿತೈತಿ ಯವ್ವಾ? ನರ್ಸಬಾಯಿ ಅವತ್ತ ಹೇಳಿರ್ಲಿಲ್ಲೇನು?"

ನಾನು ಹಾಸಿಗೆಯಿಂದಲೇ ಹೇಳಿದೆ: "ಅಕ್ಕಾರ, ಅದನ್ನ ಅವತ್ತ ಬಿಟ್ಟಿದ್ವಿ. ಅತ್ತಿನೂ ಬಿಟ್ಟಿದ್ರು."

"ನೀ ಸುಮ್ಮನ ಮಲಕೋ. ಹಸಿ ಮೈಯಾಕಿ, ನಿನಗೇನ ತಿಳಿತೈತಿ."

ಅತ್ತೆ ತಿರುಗಿ ಅಂದಿದ್ದರೆ, ಜಗಳವಾಡಿದ್ದರೆ, ಮಾತು ಅಲ್ಲಿಗೆ ಮುಗಿಯುತ್ತಿತ್ತೇನೋ. ಅವರು ಎದ್ದು ಒಳಗೆ ಹೋದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಚಮಿಯ ದಿನ ಎಲ್ಲರೂ ನಕ್ಕಿದ್ದ ಮಾತು ಆಪಾದನೆಯಾಗಿ ಹೊಸ್ತಿಲು ದಾಟಿತು.

ಆಮೇಲೆ ಅದಕ್ಕೆ ಕಾಲು ಬಂದವು. ಕೂಸಿನ ಹೊಟ್ಟೆಯಲ್ಲಿ ಚಹಾ ಇತ್ತಂತೆ ಎಂದರು. ಮೈ ಕಪ್ಪಾಗಿತ್ತಂತೆ ಎಂದರು. ನಮ್ಮಲ್ಲಿ ಬಂದರೆ ಅತ್ತೆಯ ಚಹಾ ಕುಡಿದೇ ಎದ್ದುಹೋಗುತ್ತಿದ್ದ ಹೆಂಗಸೊಬ್ಬಳು, ತನ್ನ ಮನೆಗೆ ಹೋದ ಅತ್ತೆಯ ಮುಂದೆ ಬಟ್ಟಲು ಚಾಚಿ, "ತಗೋರಿ ಅಕ್ಕಾರ, ಕುಡೀರಿ. ನಿಮಗೇನು ಇನ್ನ ಬಸರಾಗೂದೈತೇನು?" ಎಂದು ನಕ್ಕಳು. ಅತ್ತೆಯೂ ನಕ್ಕು ಬಟ್ಟಲನ್ನು ಕೆಳಗಿಟ್ಟು ಬಂದರು. ಮತ್ತೆ ಕರೆಯದೆ ಯಾರ ಮನೆಗೂ ಹೋಗಲಿಲ್ಲ.

ನಾನು ಎಷ್ಟೋ ಸಲ ಹೇಳಿದೆ. "ಅತ್ತಿ, ನಿಮ್ಮಿಂದಲ್ರಿ." ಅವರು, "ಹೂಂ" ಎನ್ನುತ್ತಿದ್ದರು. ಅವರಿಗೆ ನನ್ನ ಮಾತು ಸಾಕ್ಷಿಯಲ್ಲ, ಕರುಣೆ. ಮಗ ಹೇಳಬಹುದಿತ್ತು. ನನ್ನ ಗಂಡ ಮಗ್ಗದಿಂದ ತಲೆ ಎತ್ತದೆ, "ಬಿಡು, ಮರೀತಾಳ" ಎಂದ. ತಾಯಿಯಿಂದಲೇ ಎಂದು ಅವನು ಎಂದೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಎದುರಿನ ಮನೆಯಲ್ಲಿ ಮಗಳ ಕುಬಸವಿತ್ತು. ಅತ್ತೆ ಬೆಳಗ್ಗೆಯೇ ಜಳಕ ಮಾಡಿ, ಬಿಳಿ ಸೀರೆಯನ್ನು ನೆರಿಗೆ ಮಾಡಿ ಉಟ್ಟು, ಕರೆಯಲು ಬರುತ್ತಾರೆಂದು ಕಟ್ಟೆಯ ಮೇಲೆ ಕುಳಿತಿದ್ದರು. ಬಂದದ್ದು ಆ ಮನೆಯ ಸೊಸೆ. "ಅಜ್ಜಿ, ನೀವು ಬರೂದ ಬ್ಯಾಡಂತ್ರಿ. ಬಸುರಿ ಕುಂತಿರ್ತಾಳ, ಒಲಿ ಮುಂದ ನೀವು…" ಎಂದು ಅರ್ಧಕ್ಕೇ ಬಿಟ್ಟಳು. ಅತ್ತೆ, "ಹೌದವ್ವ, ಖರೆ ಐತಿ" ಎಂದರು. ತಪ್ಪು ಮಾಡಿದವರು ತಪ್ಪೊಪ್ಪಿಕೊಳ್ಳುವ ಹಾಗಿತ್ತು ಆ ದನಿ. ಅಂದೇ ನಿಶ್ಚಯಿಸಿದೆ. ಹೆರಿಗೆ ಮಾಡಿಸಿದ ಡಾಕ್ಟರ ಬಾಯಿಯಿಂದಲೇ ಇವರಿಗೆ ಕೇಳಿಸಬೇಕು. ದೊಡ್ಡವರು ಹೇಳಿದರೆ ನಂಬುತ್ತಾರೆ. ಇವರು ನಂಬಿದರೆ ಓಣಿಯ ಮುಂದೆ ತಲೆ ಎತ್ತಿಯಾರು.

ನನ್ನ ತಪಾಸಣೆಯೆಂದು ಸುಳ್ಳು ಹೇಳಿ ಬಾಗಲಕೋಟೆಯ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದರು.

ಡಾಕ್ಟರು ನಮ್ಮ ಕಡೆಯವರಲ್ಲ, ಮೈಸೂರಿನ ಕಡೆಯವರು. ಒಳ್ಳೆಯ ಮನುಷ್ಯ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅತ್ತೆಯನ್ನು ಕುರ್ಚಿಯ ಮೇಲೆ ಕೂಡಿಸಿ, ನಾನು ಕೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ನೋಡಿ ಅಮ್ಮ, ಎಷ್ಟೋ ಸಲ ಕಾರಣವೇ ಸಿಗದೆ ಹೀಗಾಗುತ್ತೆ. ಚಹಾ ಕಡಿಮೆ ಮಾಡಬೇಕು ಅನ್ನೋದು ನಿಜ. ನೀವು ಮಾಡಿದ್ದೀರಿ" ಎಂದರು. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ತಮ್ಮ ಮಾತು ಈ ಅಜ್ಜಿಗೆ ತಿಳಿಯಲಿಲ್ಲವೇನೋ ಎಂದು ಡಾಕ್ಟರು ಮುಂದಕ್ಕೆ ಬಾಗಿ, ಇಲ್ಲಿಗೆ ಬಂದ ಮೇಲೆ ಕಲಿತ ನಮ್ಮ ಮಾತಿನಲ್ಲಿ ನಿಧಾನವಾಗಿ ಹೇಳಿದರು:

"ಚಾದಿಂದನ ಹಿಂಗಾತು ಅಂತ ಹೇಳಾಕ ಬರಂಗಿಲ್ಲ, ಅಮ್ಮ."

ಅತ್ತೆ ಕೈಮುಗಿದು ಎದ್ದರು. ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯವರೆಗೆ ನಡೆದು ಬಂದು ಕುಳಿತರು. ಆಮೇಲೆ ಅಂದರು: "ಕೇಳಿದ್ಯಾ? ಹೇಳಾಕ ಬರಂಗಿಲ್ಲಂದ್ರು."

"ಹೌದ್ರಿ ಅತ್ತಿ. ಅದಕ್ಕ ಚಾದಿಂದ ಅಲ್ಲ ಅಂತ…"

"ದೊಡ್ಡ ಮನಶ್ಯಾ. ಮುಖದ ಮ್ಯಾಲ ಹ್ಯಾಂಗ ಹೇಳ್ಯಾನು? ಮುದುಕಿ ನೊಂದಾಳು ಅಂತ ಮರ್ಯಾದಿ ಇಟ್ಟ."

"ಅತ್ತಿ, ಅವರು ಆಡೂದು ಬ್ಯಾರೆ ಅರ್ಥದಾಗರಿ! ಖಾತ್ರಿ ಇಲ್ಲ ಅಂತ ಅಂದಾರ ಅವರು."

ಅವರು ನನ್ನ ಕೈಯ ಮೇಲೆ ಕೈಯಿಟ್ಟು ತಟ್ಟಿದರು. "ನೀ ಭಾಳ ಛಲೋ ಹುಡುಗಿ ತಂಗಿ. ಇಷ್ಟ ದೂರ ಕರ್ಕೊಂಡು ಬಂದಿ."

ನಾನು ಒಳಗೆ ಓಡಿದೆ. ಒಂದೇ ಒಂದು ಸಲ, 'ಅಲ್ಲ' ಎಂದು ಹೇಳಿಸಬೇಕಿತ್ತು. ಡಾಕ್ಟರು ಆಪರೇಷನ್‌ಗೆ ಹೋಗಿದ್ದಾರೆ, ತಡವಾಗುತ್ತದೆ ಎಂದರು. ಕಾಯೋಣ ಎಂದು ಅತ್ತೆಗೆ ಹೇಳಿದೆ. "ಅವನ ಬಾಯಿಲೆ ಆಡಿಸೇ ತೀರಬೇಕೇನು?" ಎಂದು ಅವರು ಬಸ್ಸಿನ ಕಡೆ ನಡೆದರು.

ಖಾತ್ರಿಯಿಲ್ಲದ್ದನ್ನು ಖಾತ್ರಿಯೆಂದು ಹೇಳದ ಆ ಡಾಕ್ಟರನ್ನು ಬಯ್ಯಬಾರದು. ಮುದುಕಿಗೆ ತಿಳಿಯಲೆಂದು ನಮ್ಮ ಮಾತನ್ನೇ ಆಡಿದರು. ಅವರ ಮಾತಿನಲ್ಲೇ ಹೇಳಿದ್ದರೆ ಅತ್ತೆಗೆ ಅರ್ಧ ತಿಳಿಯದೆ, ನಾನು ತಿಳಿಸಿ ಹೇಳುತ್ತಿದ್ದೆ. ಬಯ್ಯಬಾರದು ಎಂದು ಗೊತ್ತಿದ್ದೂ ಬಯ್ಯುತ್ತೇನೆ. ಬಯ್ಯಲು ಬೇರೆ ಯಾರನ್ನು ಹುಡುಕಲಿ? ಓಣಿಗೆ ಮುಖವಿಲ್ಲ.

ಆಮೇಲೆ ಅತ್ತೆ ಇನ್ನೂ ಒಂದು ವರ್ಷ ಬದುಕಿದ್ದರು. ಒಲೆಯ ಮೇಲೆ ಚಹಾದ ಪಾತ್ರೆ ಇಡಲಿಲ್ಲ. ನಾನು ಇಟ್ಟರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಬೆರಳ ಬಣ್ಣ ಮಾಸಿತು. ಬಸುರಿಯರು ಓಣಿಯಲ್ಲಿ ಎದುರಾದರೆ ತಾವೇ ಗೋಡೆಯ ಮಗ್ಗುಲಿಗೆ ಸರಿದು ನಿಲ್ಲುತ್ತಿದ್ದರು. ಒಂದು ಮುಂಜಾನೆ ಎದೆ ಹಿಡಿದುಕೊಂಡರು. ದವಾಖಾನೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟರು. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಏನಾದರೂ ಅಂದಾರೆಂದು ಬಾಗಿಯೇ ಇದ್ದೆ.

ನಾದಿನಿ ಹೆಣದ ಮೇಲೆ ಬಿದ್ದು, "ಯವ್ವಾ, ನಾ ಸಿಟ್ಟಿನ್ಯಾಗ ಅಂದಿದ್ನೇ ಯವ್ವಾ! ಮನಸಿನಿಂದ ಅಂದಿದ್ದಿಲ್ಲೇ!" ಎಂದು ಎದೆ ಬಡಿದುಕೊಂಡಳು. ಹುನಗುಂದ ದೂರದ ಊರೇನಲ್ಲ. ಆ ಮಾತು ಹೊತ್ತುಕೊಂಡು ಒಂದು ದಿನ ಬಂದುಹೋಗಬಹುದಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ನೆರೆಯವರು ಚಹಾ ಮಾಡಿ ಕೊಡದಲ್ಲಿ ತಂದರು. ಕುಬಸಕ್ಕೆ ಬರಬೇಡವೆಂದು ಹೇಳಿಕಳಿಸಿದ್ದಾಕೆ ಒಂದು ಲೋಟ ಮುಗಿಸಿ, "ಏನ ಅಂದ್ರೂ ಅಕ್ಕಾರ ಕೈಯಂಥಾ ಚಾ ಇನ್ನ ಸಿಗಂಗಿಲ್ಲ ಬಿಡ್ರಿ" ಎಂದು ಮತ್ತೊಂದು ಲೋಟ ತೆಗೆದುಕೊಂಡಳು.

ಈಗ ನಾನು ಮತ್ತೆ ಬಸುರಿ. ಆರು ತಿಂಗಳು. ಚಹಾ ಒಂದೇ ಬಟ್ಟಲು, ಅದೂ ತೆಳ್ಳಗೆ, ಊಟಕ್ಕೆ ದೂರ ಮಾಡಿ ಕುಡಿಯುತ್ತೇನೆ. ನೀರಿನ ನಳದ ಹತ್ತಿರ ಒಬ್ಬಾಕೆ ನನ್ನ ಹೊಟ್ಟೆ ನೋಡಿ ಅಂದಳು: "ಈ ಸಲ ಏನೂ ಆಗಂಗಿಲ್ಲ ತಗೋ. ಮನ್ಯಾಗ ಚಾ ಕುದಸಾಕಿ ಇಲ್ಲಲ್ಲ."

"ಆಕಿ ಚಾದಿಂದ ಏನೂ ಆಗಿದ್ದಿಲ್ಲ" ಎಂದೆ.

"ಹೂಂನವ್ವ, ಹೂಂ" ಎಂದಳು, ಹುಚ್ಚರನ್ನು ಸಮಾಧಾನ ಮಾಡುವವರ ಹಾಗೆ.

ಈ ಕೂಸು ಉಳಿಯಬೇಕು. ನನಗೆ ಬೇರೆ ಹರಕೆಯಿಲ್ಲ. ಆದರೆ ಇದು ಉಳಿದ ದಿನ ಓಣಿಯವರು ಏನೆನ್ನುತ್ತಾರೆಂದು ನನಗೆ ಗೊತ್ತು. ನೋಡಿದ್ಯಾ, ಮುದುಕಿ ಇರಲಿಲ್ಲ, ಕೂಸು ಉಳಿಯಿತು. ನನ್ನ ಕೂಸಿನ ಒಂದೊಂದು ಉಸಿರೂ ಅವರಿಗೆ ಪುರಾವೆಯಾಗುತ್ತದೆ. ಅದು ಬೆಳೆದ ಮೇಲೆ ಅದರ ಕಿವಿಗೂ ಆ ಕಥೆ ಹಾಕುತ್ತಾರೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ನನಗೆ ಅವ್ವ ಇಲ್ಲದ ಜಾಗದಲ್ಲಿ ಬಂದು ಕುಳಿತವರ ಬಗ್ಗೆ, ಅವರ ಮೊಮ್ಮಗು ಓಣಿಯ ಮಾತಿನ ಜೊತೆಗೆ ನನ್ನದನ್ನೂ ಓದಲಿ.

ಮೊನ್ನೆ ತಪಾಸಣೆಯಲ್ಲಿ ನರ್ಸಬಾಯಿ, "ಹೆರಿಗಿಗೆ ಸಂಗಡ ಯಾರ ಬರ್ತಾರ? ಮುಂದ ಬಾಣಂತನ ಯಾರ ಮಾಡ್ತಾರ?" ಎಂದು ಕೇಳಿದರು.

ಯಾರೂ ಇಲ್ಲ.